ಹದಿನಾಲ್ಕನೇ ನಂಬರಿನ ಪೆಟ್ಟಿಗೆ ಕೋಣೆ

ಬ್ರ್ಯಾಕನ್ ಬೀದಿಯ ಹೆಂಗಸರಿಗೆ ಒಂದು ಕಾಯಿಲೆಯಿತ್ತು, ಅದಕ್ಕೆ ಮದ್ದಿರಲಿಲ್ಲ. ಯಾರಾದರೂ ಹೊರಗಿನವರು ಮನೆಗೆ ಬರುತ್ತಾರೆಂದು ಗೊತ್ತಾದರೆ ಸಾಕು, ಬಕೆಟ್ಟು ಬ್ರಷ್ಷು ತಾನಾಗಿ ಕೈಗೆ ಬರುತ್ತಿದ್ದವು. ಡಾಕ್ಟರು ಬರಲಿ, ಪಾದ್ರಿ ಬರಲಿ, ಗ್ಯಾಸಿನ ಮೀಟರು ಓದುವವನೇ ಬರಲಿ, ಮೊದಲು ಹೊಸ್ತಿಲು ತಿಕ್ಕಬೇಕು, ಆಮೇಲೆ ಕಿಟಕಿಯ ಜಾಲರಿ ಪರದೆ ಒಗೆಯಬೇಕು. ಕೌನ್ಸಿಲ್ಲಿನವರು ಬರುತ್ತಾರೆಂದರಂತೂ ಕೇಳುವುದೇ ಬೇಡ. ಬೀದಿಯ ಮೂವತ್ತೆಂಟು ಮನೆಗಳೂ ಊರಿನ ಕೌನ್ಸಿಲ್ ಕಟ್ಟಿಸಿ ಬಾಡಿಗೆಗೆ ಕೊಟ್ಟವು. ಕೌನ್ಸಿಲ್ ಮನೆಯವರು ಕೊಳಕರು ಎಂದು ಗುಡ್ಡದ ಮೇಲಿನ ಸ್ವಂತ ಮನೆಯವರು ಆಡಿಕೊಳ್ಳುವುದನ್ನು ಈ ಹೆಂಗಸರು ಹುಟ್ಟಿದಾಗಿನಿಂದ ಕೇಳಿಸಿಕೊಂಡಿದ್ದರು. ಆ ಮಾತಿಗೆ ಅವರು ಬಾಯಲ್ಲಿ ಉತ್ತರ ಕೊಟ್ಟವರಲ್ಲ, ಸೋಪಿನಲ್ಲಿ ಕೊಟ್ಟವರು.

ಎಲ್ಲರಿಗಿಂತ ಈ ಕಾಯಿಲೆ ಜೋರಾಗಿದ್ದದ್ದು ಹದಿನಾಲ್ಕನೇ ನಂಬರಿನ ನೋರೀನ್ ಹಾರ್ಗ್ರೀವ್ಸ್‌ಗೆ. ಈಗ ಅವಳನ್ನು ಕೇಳಿದರೆ ಅವಳೇ ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡು ಏನು ಪ್ರಯೋಜನ, ಆಗಬಾರದ್ದು ಆಗಿಹೋಯಿತು.

ಎರಡು ಸಾವಿರದ ಒಂದನೇ ಇಸವಿಯ ಮಾರ್ಚಿನಲ್ಲಿ ಅವಳಿಗೆ ಕೌನ್ಸಿಲ್ಲಿನಿಂದ ಒಂದು ಕಾಗದ ಬಂದಿತ್ತು. ಬಾಡಿಗೆ ಗೊತ್ತುಮಾಡುವ ಹೊಸ ಪದ್ಧತಿ ಬರುತ್ತಿದೆ, ಎಲ್ಲ ಮನೆಗಳನ್ನೂ ಹೊಕ್ಕು ನೋಡುವುದು ಆಗದ ಮಾತು, ಅದಕ್ಕೇ ಬೀದಿಗೊಂದು ಮಾದರಿ ಮನೆ ಆರಿಸಿದ್ದೇವೆ, ನಿಮ್ಮ ಬೀದಿಗೆ ನಿಮ್ಮದೇ ಮಾದರಿ ಮನೆ ಎಂದು. ಕೌನ್ಸಿಲ್ಲಿನವರ ಅರ್ಥ ಇಷ್ಟೇ: ಎಲ್ಲವೂ ಒಂದೇ ನಕ್ಷೆಯ ಮನೆಗಳು, ಒಂದನ್ನು ಅಳೆದರೆ ಉಳಿದವನ್ನೂ ಅಳೆದಂತೆ. ನೋರೀನ್‌ಗೆ ಆದ ಅರ್ಥವೇ ಬೇರೆ. ಇಡೀ ಬೀದಿಗೆ ತನ್ನ ಮನೆಯೇ ಮಾದರಿ, ನೋಡಿ ಕಲಿಯಿರಿ ಎಂದು ಸರ್ಕಾರಿ ಮುದ್ರೆ ಒತ್ತಿ ಕಳಿಸಿದ್ದಾರೆ ಎಂದುಕೊಂಡಳು. ಕಾಗದವನ್ನು ಬೆಂಕಿಗೂಡಿನ ಮೇಲಿನ ಗಡಿಯಾರಕ್ಕೆ ಒರಗಿಸಿ, ಬಂದವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದಳು. ಒಂದು ವಾರ ನೆಲಕ್ಕೆ ಕಾಲು ತಾಗಿಸಲಿಲ್ಲ.

ಅವಳ ಗಂಡ ವಿಲ್ಫ್ ಚಪ್ಪಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಟ್ಟೆ ಹೊಲಿದವನು, ಮಾತು ಕಡಿಮೆ, ಬುದ್ಧಿ ನೆಟ್ಟಗೆ. ಹೆಂಡತಿ ಏಣಿ ಹತ್ತಿ ದೀಪದ ಬುಡ್ಡಿ ಒರೆಸುವುದನ್ನು ನೋಡಿ, "ಬಾಡಿಗೆ ಹಾಕೋಕೆ ಬರೋನಿಗೆ ಯಾರಾದ್ರೂ ಮನೆ ಸಿಂಗಾರ ಮಾಡಿ ತೋರಿಸ್ತಾರೇನೇ? ನಾಲ್ಕು ಕಡೆ ಬಕೆಟ್ ಇಟ್ಟು ಸೂರು ಸೋರ್ತಿದೆ ಅನ್ಬೇಕು," ಎಂದ.

"ನಿನ್ನಮ್ಮನ ಮನೇಲಿ ಹಾಗೆ ಮಾಡ್ತಿದ್ರೇನೋ. ನಾನು ಬಂದೋರ ಮುಂದೆ ತಲೆ ತಗ್ಗಿಸಲ್ಲ. ಏಣಿ ಗಟ್ಟಿಯಾಗಿ ಹಿಡ್ಕೋ."

ಮೇಲಿನ ಮಹಡಿಯಲ್ಲಿ ಎರಡು ಮಲಗುವ ಕೋಣೆ, ಅವುಗಳ ನಡುವೆ ಒಂದು ಪೆಟ್ಟಿಗೆ ಕೋಣೆ. ಬೀದಿಯವರೆಲ್ಲ ಅದಕ್ಕೆ ಹಾಗೇ ಅನ್ನುತ್ತಿದ್ದರು, ಪೆಟ್ಟಿಗೆ ಇಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾರದ ಜಾಗ. ಏಳಡಿಗೆ ಆರೂವರೆ ಅಡಿ. ಅದರಲ್ಲೂ ಒಂದು ಮೂಲೆಗೆ ಕೆಳಗಿನ ಮೆಟ್ಟಿಲಸಾಲಿನ ಮೇಲಿನ ಮುಚ್ಚಿಗೆ ನುಗ್ಗಿ, ಮೊಣಕಾಲೆತ್ತರದ ಕಟ್ಟೆಯಂತೆ ಕೂತಿತ್ತು. ಆ ಬೀದಿಯಲ್ಲಿ ಯಾರೂ ಅಲ್ಲಿ ಮಲಗಿದ್ದಿಲ್ಲ. ಇಸ್ತ್ರಿಯ ಹಲಗೆ, ಕ್ರಿಸ್‌ಮಸ್ ಮರದ ಡಬ್ಬ, ವಿಲ್ಫ್‌ನ ಮೀನಿನ ಗಾಳಗಳು, ಹಳೆಯ ಹೀಟರು, ಇವೇ ಅಲ್ಲಿನ ನಿವಾಸಿಗಳು. ನೋರೀನ್ ಅವನ್ನೆಲ್ಲ ಹಿತ್ತಿಲ ಕಲ್ಲಿದ್ದಲ ಗೂಡಿಗೆ ಸಾಗಿಸಿದಳು. ಖಾಲಿ ಕೋಣೆ ಬೋಳುಬೋಳಾಗಿ ಕಂಡಿತು. ತಂಗಿಯ ಮನೆಯಿಂದ ಮಡಿಸುವ ಮಂಚ ತರಿಸಿದಳು, ಅದರ ಮೇಲೆ ಗುಲಾಬಿ ಹೊದಿಕೆ ಹಾಸಿದಳು, ಕಟ್ಟೆಯ ಮೇಲೊಂದು ಪುಟ್ಟ ದೀಪ ಇಟ್ಟಳು. ಬಾಗಿಲಲ್ಲಿ ನಿಂತು ನೋಡಿದರೆ ಅವಳಿಗೇ ಅಲ್ಲಿ ಹೋಗಿ ಮಲಗೋಣ ಅನ್ನಿಸಿತು.

ಕೌನ್ಸಿಲ್ಲಿನಿಂದ ಬಂದವರು ಎಂಟ್‌ವಿಸಲ್ ಎಂಬ ದಪ್ಪ ದೇಹದ ಸಾಧು ಮನುಷ್ಯ. ಹೊಸ್ತಿಲ ಹೊಳಪು ನೋಡಿ ಬೂಟು ಎರಡು ಸಲ ಒರೆಸಿಕೊಂಡೇ ಒಳಗೆ ಬಂದರು. ಮಹಡಿ ಹತ್ತಿ ಪೆಟ್ಟಿಗೆ ಕೋಣೆಯ ಬಾಗಿಲಲ್ಲಿ ನಿಂತು, "ಎಷ್ಟು ಮುದ್ದಾಗಿಟ್ಟಿದೀರಿ, ಹೋಟೆಲಿಗಿಂತ ವಾಸಿ," ಎಂದರು. ಕೈಯಲ್ಲಿದ್ದ ಹಲಗೆಯ ಮೇಲಿನ ಹಾಳೆಯಲ್ಲಿ ಮಲಗುವ ಕೋಣೆ ಎಂಬ ಕಡೆ ಮೂರು ಎಂದು ಬರೆದರು.

ಬರೆದದ್ದು ನೋರೀನ್‌ಗೆ ಕಂಡಿತು. ಇದು ಕೋಣೆಯಲ್ಲ, ಪೆಟ್ಟಿಗೆ ಇಡುವ ಜಾಗ ಎನ್ನಲು ಬಾಯಿ ತೆರೆದಳು. ಹಾಗಂದರೆ ಮಂಚ ತಂಗಿಯದು, ಹೊದಿಕೆ ನಿನ್ನೆ ಹಾಸಿದ್ದು, ಸಾಮಾನೆಲ್ಲ ಕಲ್ಲಿದ್ದಲ ಗೂಡಿನಲ್ಲಿ ಎಂದು ಎಲ್ಲವನ್ನೂ ಬಿಚ್ಚಬೇಕಾಗುತ್ತಿತ್ತು. ಹೋಟೆಲಿಗಿಂತ ವಾಸಿ ಎಂದ ಬಾಯಿ ಆಮೇಲೆ ಏನನ್ನುತ್ತದೋ. ಅವಳು ತೆರೆದ ಬಾಯಿ ಮುಚ್ಚಿದಳು.

ಕೆಳಗೆ ಟೀ ಕುಡಿಯುತ್ತ ಎಂಟ್‌ವಿಸಲ್ ಬಾಡಿಗೆಯ ಗುಟ್ಟು ಹೇಳಿದರು. "ಬಾಯಿಗೆ ಬಂದ ಹಾಗೆ ಹಾಕೋದಿಲ್ಲ ಮಿಸೆಸ್ ಹಾರ್ಗ್ರೀವ್ಸ್. ತೊಂಬತ್ತೊಂಬತ್ತರ ಜನವರೀಲಿ ಈ ಮನೆ ಮಾರಿದ್ರೆ ಎಷ್ಟು ಬರ್ತಿತ್ತು, ಅದು ಒಂದು. ಈ ಸೀಮೆ ಜನ ವಾರಕ್ಕೆ ಎಷ್ಟು ದುಡೀತಾರೆ, ಅದು ಇನ್ನೊಂದು. ಮಲಗೋ ಕೋಣೆ ಎಷ್ಟು, ಅದು ಮೂರನೇದು. ಮೂರನ್ನೂ ಸೇರಿಸಿ ಒಂದು ಸೂತ್ರ. ನಿಮ್ಮನೆಗೆ ಬಂದ ಉತ್ತರಾನೇ ಇಡೀ ಬೀದಿಗೆ."

"ಇನ್ನೊಂದು ಚೂರು ಪಾರ್ಕಿನ್ ತಗೊಳ್ಳಿ," ಎಂದಳು ನೋರೀನ್. ಶುಂಠಿ ಹಾಕಿದ ಆ ಕೇಕನ್ನು ಅವಳು ಎರಡು ದಿನ ಮೊದಲೇ ಮಾಡಿಟ್ಟಿದ್ದಳು. ಆ ಒಂದು ಚೂರು ಕೊಯ್ಯುವಷ್ಟು ಹೊತ್ತು ಸಾಕಿತ್ತು, ಒಂದು ಮಾತು ಹೇಳುವುದಕ್ಕೆ. ಹೇಳಲಿಲ್ಲ.

ಬಾಡಿಗೆ ವರ್ಷವರ್ಷಕ್ಕೂ ಇಷ್ಟಿಷ್ಟೇ ಏರಿತು. ಎಲ್ಲ ಕಡೆ ಏರುತ್ತದೆ, ಇಲ್ಲೂ ಏರಿತು ಎಂದು ಬೀದಿಯವರು ಗೊಣಗಿಕೊಂಡು ಕೊಟ್ಟರು. ಮೂವತ್ತೆಂಟು ಮನೆಗಳ ಕಾಗದದಲ್ಲೂ ಮೂರು ಮಲಗುವ ಕೋಣೆ ಎಂದಿರುವುದನ್ನು ಯಾರೂ ಓದಲಿಲ್ಲ. ಮಂಚ ತಂಗಿಗೆ ವಾಪಸು ಕೊಡೋಣವೆಂದರೆ ಅವಳು ಬೇಡವೆಂದಳು, ಅದು ಪೆಟ್ಟಿಗೆ ಕೋಣೆಯಲ್ಲೇ ಸಾಮಾನುಗಳ ಅಡಿ ಹೂತುಹೋಯಿತು.

ಹನ್ನೆರಡು ವರ್ಷ ಕಳೆಯಿತು. ವಿಲ್ಫ್ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಲಂಡನ್ನಿನ ಸರ್ಕಾರದವರು ಹೊಸ ಕಾನೂನು ತಂದರು: ಬಾಡಿಗೆಗೆ ಸರ್ಕಾರದ ನೆರವು ಪಡೆಯುವವರ ಮನೆಯಲ್ಲಿ ಒಂದು ಮಲಗುವ ಕೋಣೆ ಹೆಚ್ಚಿಗೆ ಇದ್ದರೆ, ಬಾಡಿಗೆಯ ನೂರಕ್ಕೆ ಹದಿನಾಲ್ಕರಷ್ಟು ನೆರವು ಕಡಿತ. ಪಿಂಚಣಿ ವಯಸ್ಸಿನವರಿಗೆ ಮಾಫಿ. ಹೀಗಾಗಿ ಎಪ್ಪತ್ತೊಂದರ ನೋರೀನ್‌ಳ ಕೂದಲೂ ಕೊಂಕಲಿಲ್ಲ. ಹೊಡೆತ ಬಿದ್ದದ್ದು ಪಕ್ಕದ ಹದಿನಾರನೇ ನಂಬರಿನ ಗ್ಲೆಂಡಾ ಆಶ್‌ವರ್ತ್‌ಗೆ.

ಗ್ಲೆಂಡಾಗೆ ಐವತ್ತೇಳು. ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ. ಗಂಡ ಎಂದೋ ಬಿಟ್ಟುಹೋಗಿದ್ದ, ಇದ್ದವಳು ಮಗಳು ಲಿನೆಟ್ ಒಬ್ಬಳೇ. ಲಿನೆಟ್‌ಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಯಿಲೆ ಬಂದು ಎರಡು ಕಣ್ಣೂ ಹೋಗಿದ್ದವು. ಒಂದು ವರ್ಷ ಅವಳು ಮೂಲೆ ಬಿಟ್ಟು ಏಳಲಿಲ್ಲ. ಆಮೇಲೆ ಒಂದು ದಿನ ಕೋಲು ಹಿಡಿದು ಬೀದಿಗೆ ಇಳಿದಳು. ಯಾರ ಮನೆಯ ಗೇಟು ಕಿರ್ರೆನ್ನುತ್ತದೆ, ಎಲ್ಲಿ ಕಲ್ಲು ಎದ್ದಿದೆ, ಯಾವ ನಾಯಿ ಯಾವ ಬಾಗಿಲಲ್ಲಿ ಬೊಗಳುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ಕಲಿತಳು. ಈಗ ಮೂವತ್ತರ ಹುಡುಗಿ ದಿನಾ ಬೆಳಿಗ್ಗೆ ಒಬ್ಬಳೇ ಬೇಕರಿಗೆ ಹೋಗಿ, ನಾಲ್ಕು ಮಾತಾಡಿ, ಬನ್ನು ತರುತ್ತಿದ್ದಳು. ಬೀದಿಯವರಿಗೆ ಅದು ಮಾಮೂಲು. ಗ್ಲೆಂಡಾಗೆ ಮಾತ್ರ ಅದು ಎಂಥ ದೊಡ್ಡ ವಿಷಯ ಎಂದು ಗೊತ್ತಿತ್ತು.

ಕಾಗದ ಬಂದ ದಿನ ಗ್ಲೆಂಡಾ ಎಂದಿನಂತೆ ಹಿಂಬಾಗಿಲಿನಿಂದ, ತಟ್ಟದೆ, ನೋರೀನ್‌ಳ ಅಡುಗೆಮನೆಗೆ ಬಂದಳು. "ನನ್ನ ಮನೇಲಿ ಮೂರು ಮಲಗೋ ಕೋಣೆ ಇದ್ಯಂತೆ ಕಣೇ. ನನಗೊಂದು, ಲಿನೆಟ್‌ಗೊಂದು. ಇಪ್ಪತ್ತೈದು ವರ್ಷದಿಂದ ಇದೀನಿ, ಮೂರನೇದು ಎಲ್ಲಿ ಬಚ್ಚಿಟ್ಕೊಂಡಿದೆ ಅಂತ ಹುಡುಕ್ತಾ ಇದೀನಿ. ವಾರಕ್ಕೆ ಹನ್ನೊಂದು ಪೌಂಡು ನಾನೇ ಕೊಡ್ಬೇಕಂತೆ. ಎಲ್ಲಿಂದ ತರ್ಲಿ? ಇಲ್ಲಾಂದ್ರೆ ವರ್ತುಲ ರಸ್ತೆ ಆಚೆ ಗೋಪುರದಂಥ ಫ್ಲ್ಯಾಟ್ ಕಟ್ಟಡದಲ್ಲಿ ಎರಡು ಕೋಣೆ ಮನೆ ಕೊಡ್ತಾರಂತೆ, ಒಂಬತ್ತನೇ ಮಹಡಿ. ಅಲ್ಲಿ ಈ ಹುಡುಗಿ ಏನು ಮಾಡ್ತಾಳೆ ಹೇಳು."

ನೋರೀನ್ ಟೀ ಕೆಟಲನ್ನು ಕೆಳಗಿಟ್ಟು, ಕುರ್ಚಿ ಹಿಡಿದು ಕೂತು, ಎಂಟ್‌ವಿಸಲ್ ಬಂದದ್ದು, ತಂಗಿಯ ಮಂಚ, ಗುಲಾಬಿ ಹೊದಿಕೆ, ಒಂದನ್ನೂ ಬಿಡದೆ ಹೇಳಿದಳು. ಗ್ಲೆಂಡಾ ಬೈಯುತ್ತಾಳೆ ಎಂದುಕೊಂಡಿದ್ದಳು. ಗ್ಲೆಂಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಮಹಾತಾಯಿ, ಬಾಡಿಗೆ ಹಾಕೋನಿಗೆ ದೀಪ ಬೇರೆ ಇಟ್ಟಿದ್ಯಾ? ಹೋಗ್ಲಿ ಬಿಡು, ಒಳ್ಳೇದೇ ಆಯ್ತು. ಅದು ಕೋಣೆ ಅಲ್ಲ, ನಿನ್ನ ನಾಟಕ ಅಂತ ನೀನೇ ಹೇಳ್ಬಿಡು, ಮುಗೀತು."

ಇಬ್ಬರೂ ಕೋಟು ಹಾಕಿಕೊಂಡು ಕೌನ್ಸಿಲ್ ಕಚೇರಿಗೆ ಹೋದರು. ಕಿಟಕಿಯ ಹಿಂದಿದ್ದ ಹುಡುಗಿ ಸೌಜನ್ಯದವಳೇ. ಹದಿನಾರನೇ ನಂಬರಿಗೆ ಯಾರನ್ನೂ ಕಳಿಸುವ ಹಾಗಿಲ್ಲ, ಅದರ ಲೆಕ್ಕವೆಲ್ಲ ಮಾದರಿ ಮನೆಯಿಂದ ಬಂದದ್ದು, ಮಾದರಿ ಮನೆಯನ್ನೇ ಇನ್ನೊಮ್ಮೆ ನೋಡಿಸುತ್ತೇವೆ ಎಂದಳು. ಅಲ್ಲಿಯವರೆಗೆ, ಹೆಚ್ಚೆಂದರೆ ಆರು ತಿಂಗಳು, ಆ ಹನ್ನೊಂದು ಪೌಂಡನ್ನು ಕೌನ್ಸಿಲ್ಲೇ ತುಂಬಿಕೊಡುತ್ತದೆ. ಐದನೇ ತಿಂಗಳಿಗೆ ಕಾಗದ ಬಂತು: ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಬರುತ್ತಾರೆ.

ಬುಧವಾರ ಸಂಜೆ ಗ್ಲೆಂಡಾ ಬಂದು ಮಹಡಿ ಹತ್ತಿ ಪೆಟ್ಟಿಗೆ ಕೋಣೆ ನೋಡಿದಳು. ಕಾಲಿಡಲು ಜಾಗವಿರಲಿಲ್ಲ. ಇಸ್ತ್ರಿಯ ಹಲಗೆ, ಗಾಳಗಳು, ಎರಡು ಚೀಲ ವಿಲ್ಫ್‌ನ ಬಟ್ಟೆ. ಅವನು ಹೋದ ಮೇಲೆ ನೋರೀನ್ ಆ ಚೀಲಗಳನ್ನು ಮುಟ್ಟಿರಲಿಲ್ಲ.

"ಚಿನ್ನದಂಥಾ ಕೋಣೆ. ನೋರೀನ್, ನನಗೊಂದು ಉಪಕಾರ ಮಾಡು."

"ಏನು ಹೇಳು."

"ಏನೂ ಮಾಡ್ಬೇಡ. ಹೀಗೇ ಬಿಟ್ಬಿಡು. ಪೊರಕೆ ಮುಟ್ಟಬೇಡ."

"ನನಗೇನು ತಲೆ ಕೆಟ್ಟಿದ್ಯಾ? ಮುಟ್ಟಲ್ಲ," ಎಂದಳು ನೋರೀನ್, ಮನಸಾರೆ.

ಬೆಳಿಗ್ಗೆ ಆರಕ್ಕೆ ಎದ್ದಳು. ಹೊಸ್ತಿಲು ತಿಕ್ಕಿದಳು, ಹೊಸ್ತಿಲಿಗೂ ಕೋಣೆಗೂ ಏನು ಸಂಬಂಧ. ಕೆಳಗಿನ ಕೋಣೆ ಒರೆಸಿದಳು. ಮೆಟ್ಟಿಲು ಗುಡಿಸುತ್ತ ಮೇಲೆ ಬಂದಾಗ ಪೆಟ್ಟಿಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಅಂಚಿನಲ್ಲಿ ಸತ್ತ ನೊಣಗಳು. ಅವನ್ನಾದರೂ ತೆಗೆಯೋಣ, ನೊಣಕ್ಕೂ ಅಳತೆಗೂ ಸಂಬಂಧವಿಲ್ಲವಲ್ಲ ಎಂದುಕೊಂಡಳು. ಕಿಟಕಿಗೆ ಹೋಗಬೇಕಾದರೆ ಹಲಗೆ ಸರಿಸಬೇಕು. ಹಲಗೆ ಸರಿಸಿದರೆ ಬಟ್ಟೆಯ ಚೀಲ ಉರುಳಿತು, ವಿಲ್ಫ್‌ನ ಸ್ವೆಟರಿನ ತೋಳು ಹೊರಗೆ ಬಂತು, ಧೂಳಿನ ವಾಸನೆ ಹೊಡೆಯಿತು. ಆಗ ಅವಳಿಗೆ ಅನ್ನಿಸಿದ್ದು ಇಷ್ಟು: ಬರುವವನು ಇದನ್ನೆಲ್ಲ ನೋಡಿ, ಗಂಡ ಹೋದ ಮೇಲೆ ಈ ಮುದುಕಿ ಕೈಬಿಟ್ಟು ಕೂತಿದ್ದಾಳೆ ಎಂದುಕೊಳ್ಳುತ್ತಾನೆ. ಕಚೇರಿಗೆ ಹೋಗಿ ಹೇಳುತ್ತಾನೆ. ವಿಲ್ಫ್‌ನ ಹೆಸರಿಗೇ ಧೂಳು ಹತ್ತಿದ ಹಾಗೆ. ಚೀಲಗಳನ್ನು ಮಾತ್ರ ತೆಗೆದಿಡುತ್ತೇನೆ, ಉಳಿದದ್ದು ಹಾಗೇ ಇರಲಿ ಎಂದು ಎತ್ತಿ ಪಕ್ಕದ ತನ್ನ ಕೋಣೆಯಲ್ಲಿಟ್ಟಳು. ಚೀಲದಡಿಯಲ್ಲಿ ಮಡಿಸಿದ ಮಂಚ. ಬರಿ ಮಂಚ ಎಂದರೆ ಧರ್ಮಛತ್ರದ ಹಾಗೆ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಬೇಡ ಬೇಡ ಎನ್ನುತ್ತಲೇ ಇತ್ತು. ಒಂಬತ್ತು ಮುಕ್ಕಾಲಿಗೆ ಅವಳು ಬಾಗಿಲಲ್ಲಿ ನಿಂತು ನೋಡಿದರೆ ಕೋಣೆ ಒಪ್ಪವಾಗಿ, ಹಾಸಿಗೆ ಹಾಸಿಕೊಂಡು ಕೂತಿತ್ತು. ಅವಳಿಗೆ ಗಾಬರಿಯಾಯಿತು. ಮತ್ತೆ ಎಲ್ಲ ತುರುಕೋಣವೆಂದು ಚೀಲಕ್ಕೆ ಕೈ ಹಾಕಿದಳು. ಕೆಳಗೆ ಬಾಗಿಲ ಗಂಟೆ ಹೊಡೆಯಿತು.

ಪಿಲ್ಲಿಂಗ್ ಎಂಬ ಆ ಅಧಿಕಾರಿ ತೆಳ್ಳಗಿನ ಆಸಾಮಿ, ಕೈಯಲ್ಲಿ ಬೆಳಕಿನಿಂದ ಅಳೆಯುವ ಯಂತ್ರ. ಕೋಣೆಗೆ ಬಂದು ಗೋಡೆಯಿಂದ ಗೋಡೆಗೆ ಬೆಳಕು ಬಿಟ್ಟ.

"ಸಣ್ಣದೇ. ಆದ್ರೆ ಒಂದು ಮಂಚ ಹಿಡಿದು, ಓಡಾಡೋಕೂ ಜಾಗ ಇದೆ."

"ಇಲ್ಲಿ ಯಾರೂ ಮಲಗಲ್ಲಪ್ಪಾ. ಇದು ಪೆಟ್ಟಿಗೆ ಕೋಣೆ. ನೀವು ಬರ್ತೀರಿ ಅಂತ ಇವತ್ತು ಬೆಳಿಗ್ಗೆ ಒಪ್ಪ ಮಾಡಿದೆ, ಅಷ್ಟೇ," ಎಂದಳು ನೋರೀನ್. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. "ದೇವರಾಣೆಗೂ ಹೇಳ್ತೀನಿ. ನಿನ್ನೆ ಬಂದು ನೋಡಿದ್ರೆ ಕಾಲಿಡೋಕೆ ಆಗ್ತಿರ್ಲಿಲ್ಲ."

ಅವನು ನಕ್ಕ, ಕೆಟ್ಟ ನಗುವಲ್ಲ. "ಮಿಸೆಸ್ ಹಾರ್ಗ್ರೀವ್ಸ್, ಈ ವಾರ ಇಪ್ಪತ್ತು ಮನೆ ನೋಡಿದೀನಿ. ಎಲ್ಲರೂ ನಾನು ಬರ್ತೀನಿ ಅಂತ ಕೋಣೆಗೆ ಕಸ ತುಂಬಿ ಇಟ್ಟಿರ್ತಾರೆ. ಸೈಕಲ್, ಟೈರು, ಒಂದು ಕಡೆ ಕೋಳಿ ಗೂಡೂ ಇತ್ತು. ಇದ್ದದ್ದು ಇದ್ದ ಹಾಗೆ ತೋರಿಸಿದ್ದು ನೀವೊಬ್ಬರೇ. ನೆರೆಯವರಿಗೋಸ್ಕರ ಹೇಳ್ತಿದೀರಿ, ನಿಮ್ಮ ಮನಸ್ಸು ಒಳ್ಳೇದು. ಆದ್ರೆ ನಾನು ಕಣ್ಣಿಗೆ ಕಂಡದ್ದು ಬರೀಬೇಕಲ್ವಾ?"

ಅವಳು ಚೀಲಗಳನ್ನು ತೋರಿಸಿದಳು, ಗಾಳಗಳನ್ನು ತೋರಿಸಿದಳು. ಅವನು ತಾಳ್ಮೆಯಿಂದ ಎಲ್ಲ ನೋಡಿ, ಟೀ ಬೇಡವೆಂದು ಹೇಳಿ ಹೊರಟುಹೋದ.

ಮಧ್ಯಾಹ್ನ ಗ್ಲೆಂಡಾ ಕೆಲಸದಿಂದ ನೇರವಾಗಿ ಬಂದಳು. "ಹೇಗಾಯ್ತು?"

"ಆಯ್ತು. ಅಳೆದ್ಕೊಂಡು ಹೋದ," ಎಂದಳು ನೋರೀನ್, ಒಲೆಯ ಕಡೆ ತಿರುಗಿಕೊಂಡು. ಅಷ್ಟರೊಳಗೆ ಎಲ್ಲ ಸಾಮಾನೂ ಮತ್ತೆ ಪೆಟ್ಟಿಗೆ ಕೋಣೆ ಸೇರಿತ್ತು. ಆಗಲೇ ಹೇಳಿಬಿಟ್ಟಿದ್ದರೆ ಗ್ಲೆಂಡಾ ಕೂಗಾಡುತ್ತಿದ್ದಳು, ಕಚೇರಿಗೆ ಓಡುತ್ತಿದ್ದಳು, ಏನಾದರೂ ಒಂದು ದಾರಿ ಹುಡುಕುತ್ತಿದ್ದಳು. ನೋರೀನ್ ಎರಡು ವಾರ ಗ್ಲೆಂಡಾಳ ಮುಖ ನೋಡಿ ಮಾತಾಡಲಿಲ್ಲ, ಕಾಲುನೋವು ಎಂದು ನೆಪ ಹೇಳಿದಳು.

ಕೌನ್ಸಿಲ್ಲಿನ ಉತ್ತರ ಗ್ಲೆಂಡಾಗೆ ಬಂತು. ಅವಳು ಹಿಂಬಾಗಿಲಿನಿಂದಲೇ ಬಂದಳು, ಆದರೆ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಓದಿದಳು. "ಮಾದರಿ ಮನೆಯ ಮೂರನೇ ಕೋಣೆ ಸುಸ್ಥಿತಿಯಲ್ಲಿದ್ದು, ಹಾಸಿಗೆ ಸಿದ್ಧಪಡಿಸಿದ ಮಂಚವಿದ್ದು, ಮಲಗಲು ಯೋಗ್ಯವೆಂದು ಕಂಡುಬಂದಿದೆ." ಕಾಗದ ಮಡಿಸಿದಳು.

"ಚಾದರ ಇಸ್ತ್ರಿ ಮಾಡಿದ್ಯಾ?"

"ಮಾಡಿದ್ದೆ," ಎಂದಳು ನೋರೀನ್. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

ಗ್ಲೆಂಡಾ ಬೈಯಲಿಲ್ಲ. ಬೈದಿದ್ದರೆ ನೋರೀನ್‌ಗೆ ಎಷ್ಟೋ ಹಗುರಾಗುತ್ತಿತ್ತು. ಆ ಹನ್ನೊಂದು ಪೌಂಡು ವಾರವಾರವೂ ನಾನೇ ಕೊಡುತ್ತೇನೆ, ನನಗೆ ಯಾರಿದ್ದಾರೆ ಎಂದು ನೋರೀನ್ ಅತ್ತುಕೊಂಡು ಹೇಳಿದಳು.

"ನೀನೆಷ್ಟು ವರ್ಷ ಕೊಡ್ತೀಯ? ನಿನಗೆ ಎಪ್ಪತ್ತೊಂದು. ನೀನು ಹೋದ ಮೇಲೆ? ವಾರ ವಾರ ನಿನ್ನ ಪಿಂಚಣೀಲಿ ಪಾಲು ತಗೊಂಡು ನಿನ್ನ ಮುಖ ಹೇಗೆ ನೋಡ್ಲಿ ಹೇಳು. ಬಾಕಿ ಬಿದ್ದು ಅವರು ಆಚೆ ಹಾಕೋಕೆ ಮುಂಚೆ ನಾನೇ ಹೋಗ್ತೀನಿ."

ಅಕ್ಟೋಬರಿನಲ್ಲಿ ಅವರು ಹೋದರು. ಬೀದಿಯವರೆಲ್ಲ ಸಾಮಾನು ಹೊರಲು ಬಂದರು. ನೋರೀನ್ ಮಾತ್ರ ಜಾಲರಿ ಪರದೆಯ ಹಿಂದೆ ನಿಂತು ನೋಡಿದಳು, ಹೊರಗೆ ಬರಲು ಮುಖವಿರಲಿಲ್ಲ. ಲಿನೆಟ್ ಗಾಡಿ ಹತ್ತುವ ಮೊದಲು ಕೋಲಿನಿಂದ ಗೇಟನ್ನು ಒಂದು ಸಲ ಮುಟ್ಟಿ ನೋಡಿದಳು.

ನೋರೀನ್ ಗೋಪುರದ ಮನೆಗೆ ಹೋದದ್ದು ನವೆಂಬರಿನ ಕೊನೆಗೆ, ಎರಡು ಬಸ್ಸು ಬದಲಿಸಿ. ಬರುತ್ತೇನೆಂದು ಮೊದಲೇ ಫೋನು ಮಾಡಿದ್ದಳು. ಗ್ಲೆಂಡಾ ಬಾಗಿಲು ತೆಗೆದಳು, ಕುಳಿತುಕೋ ಎಂದಳು, ಟೀ ಕೊಟ್ಟಳು. ಹವಾಮಾನ ಮಾತಾಡಿದರು, ಶಾಲೆಯ ಅಡುಗೆಮನೆ ಮಾತಾಡಿದರು. ಇಪ್ಪತ್ತೈದು ವರ್ಷ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಹರಟಿದವರು, ಈಗ ತಟ್ಟೆಯ ಮೇಲೆ ಲೋಟ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು.

"ಬೇಕರಿ ಹತ್ತಿರ ಇದ್ಯಾ?" ಎಂದು ನೋರೀನ್ ಕೇಳಿದಳು.

"ರಸ್ತೆ ಆಚೆ. ಅಮ್ಮ ಹೋಗ್ತಾಳೆ," ಎಂದಳು ಲಿನೆಟ್. ಕೋಲಿಗೆ ಕೈ ಚಾಚುತ್ತ, "ಆಂಟಿ, ನನ್ನ ಜೊತೆ ಕೆಳಗೆ ಬರ್ತೀರಾ? ಅಮ್ಮ ಶಾಲೆಯಿಂದ ಎರಡು ಬಸ್ಸು ಹಿಡಿದು ಬರೋ ಹೊತ್ತಿಗೆ ಕತ್ತಲಾಗುತ್ತೆ. ದಾರಿ ಕಲೀಬೇಕು," ಎಂದಳು.

ಗ್ಲೆಂಡಾ ಮಗಳ ಕೋಟು ತಂದುಕೊಟ್ಟಳು. ನೋರೀನ್‌ಗೆ ಒಳಗೊಳಗೇ ಸಂತೋಷವಾಯಿತು. ಇಷ್ಟಾದರೂ ಮಾಡಿಕೊಡುತ್ತೇನೆ, ಈ ದಾರಿಯನ್ನಾದರೂ ಕೈಹಿಡಿದು ಕಲಿಸುತ್ತೇನೆ ಎಂದುಕೊಂಡಳು.

ಲಿಫ್ಟಿನಿಂದ ಹೊರಬಾಗಿಲವರೆಗೆ ಲಿನೆಟ್ ಚೆನ್ನಾಗಿಯೇ ನಡೆದಳು, ತುಟಿಯಲ್ಲೇ ಎಣಿಸಿಕೊಂಡು. ಹೊರಗೆ ಗೋಪುರಗಳ ನಡುವಿನ ಗಾಳಿ ಮುಖಕ್ಕೆ ಹೊಡೆಯಿತು. ಅಲ್ಲಿ ಗೇಟುಗಳಿರಲಿಲ್ಲ, ಬಾಗಿಲುಗಳಿರಲಿಲ್ಲ, ಬರೀ ಸಿಮೆಂಟಿನ ಅಂಗಳ. ರಸ್ತೆಯ ಅಂಚಿಗೆ ಬಂದಾಗ ನಾಲ್ಕು ಸಾಲಿನಲ್ಲಿ ಲಾರಿ ಕಾರುಗಳು ಒಂದೇ ಸಮನೆ ಹೋಗುತ್ತಿದ್ದವು. ಲಿನೆಟ್ ನಿಂತಳು. ಎಣಿಕೆ ತಪ್ಪಿತು. ನೋರೀನ್‌ಳ ತೋಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.

"ಇಲ್ಲಿ ಎಲ್ಲ ಶಬ್ದವೂ ಒಂದೇ ಥರ ಆಂಟಿ. ಯಾವುದು ಹತ್ತಿರ, ಯಾವುದು ದೂರ ಗೊತ್ತೇ ಆಗಲ್ಲ. ವಾಪಸ್ ಹೋಗೋಣ."

ಲಿಫ್ಟಿಗೆ ಕಾಯುತ್ತ ನಿಂತರು. ನೋರೀನ್‌ಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹುಡುಗಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ.

"ನನ್ನನ್ನ ಕ್ಷಮಿಸ್ಬಿಡು ಮಗಳೇ."

"ನೀವು ಬೇಕಂತ ಮಾಡಿದ್ದಲ್ಲ ಬಿಡಿ," ಎಂದಳು ಲಿನೆಟ್. ಅವಳ ಕೈ ಇನ್ನೂ ತೋಳನ್ನು ಬಿಟ್ಟಿರಲಿಲ್ಲ.

"ನಾನು ಮತ್ತೆ ಬರ್ತೀನಿ ಕಣಮ್ಮಾ. ನಿನಗೆ ಯಾವತ್ತು ಆಚೆ ಹೋಗ್ಬೇಕು ಅನ್ಸುತ್ತೋ ಹೇಳು, ಅವತ್ತೇ ಬಸ್ಸು ಹತ್ಕೊಂಡು ಬರ್ತೀನಿ. ಯಾವತ್ತು ಬರ್ಲಿ?"

ಲಿನೆಟ್ ಶಬ್ದ ಬಂದ ಕಡೆಗೆ ಮುಖ ತಿರುಗಿಸಿದಳು. "ನನಗೆ ದಿನಾ ಅನ್ಸುತ್ತೆ ಆಂಟಿ," ಎಂದಳು.

ಲಿಫ್ಟ್ ಬಂತು, ನೋರೀನ್ ಒಂಬತ್ತನೇ ಮಹಡಿಯ ಗುಂಡಿ ಒತ್ತಿದಳು.